ನಾಲ್ಕು ಗೋಡೆಯೊಳಗಿನ ದಯೆ

ಶಿಲುಬೆಯನ್ನೂ ಗುಲಾಬಿಗಳನ್ನೂ ಎದೆಗವಚಿಕೊಂಡು ನಿಂತ ಸಂತ ತೆರೇಸಾಳ ಪ್ರತಿಮೆ ನಮ್ಮ ಅನೇಕ ಕಥೋಲಿಕ ಚರ್ಚುಗಳಲ್ಲಿದೆ. ಆಕೆಯ ‘ಲಿಟ್ಲ್ ಫ್ಲವರ್’ ಎಂಬ ಹೆಸರು ಹೊತ್ತ ಶಾಲೆಗಳಿಗೂ ನಮ್ಮಲ್ಲಿ ಕೊರತೆಯಿಲ್ಲ. ಪ್ರತಿಮೆಯ ಮುಖದಲ್ಲಿ ಎಲ್ಲಿ ನೋಡಿದರೂ ಅದೇ ಮಂದಹಾಸ. ಆಕೆ ಬರೆದಿಟ್ಟುಹೋದ ‘ಒಂದು ಆತ್ಮದ ಕಥೆ’ಯನ್ನು ಓದಿದವರಿಗೆ ಮಾತ್ರ ಆ ನಗುವಿಗಾಗಿ ಆಕೆ ಎಷ್ಟು ಹೆಣಗಿದ್ದಳೆಂದು ಗೊತ್ತಾಗುತ್ತದೆ. ದಿನನಿತ್ಯದ ಕ್ರೈಸ್ತ ದಯೆಯನ್ನು ಇಷ್ಟು ಹತ್ತಿರದಿಂದ ನೋಡಿದ ಪುಸ್ತಕ ಅಪರೂಪ. ಇಷ್ಟು ಸುಲಭವಾಗಿ ದುರುಪಯೋಗವಾಗುವ ಪುಸ್ತಕವೂ ಅಪರೂಪವೇ.

1873ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ತೆರೇಸಾ 15ನೇ ವಯಸ್ಸಿಗೆ ಲಿಸ್ಯೂ ಪಟ್ಟಣದ ಕಾರ್ಮೆಲ್ ಮಠ ಸೇರಿದಳು. 24ನೇ ವಯಸ್ಸಿಗೆ, 1897ರಲ್ಲಿ, ಕ್ಷಯಕ್ಕೆ ಬಲಿಯಾದಳು. ಬೇರೆ ಬೇರೆ ಕಾಲದಲ್ಲಿ ಬರೆದ ಮೂರು ಬರಹಗಳನ್ನು ಕೂಡಿಸಿ ಮರುವರ್ಷ ಪುಸ್ತಕ ಬಂತು. ದಯೆಯ ವಿಚಾರ ಮುಖ್ಯವಾಗಿ ಬರುವುದು ಕಡೆಯ ಬರಹದಲ್ಲಿ. ಸಾವು ಹತ್ತಿರವಿದೆಯೆಂದು ತಿಳಿದೇ ಬರೆದದ್ದು ಅದು. ಲೇಖನಿ ಹಿಡಿಯಲಾರದೆ ಕೊನೆಯ ಸಾಲುಗಳನ್ನು ಪೆನ್ಸಿಲಿನಲ್ಲಿ ಬರೆದಿದ್ದಾಳೆ. ಅಂಥ ಹೊತ್ತಿನಲ್ಲಿ ಆಕೆಗೆ ನೆನಪಾದದ್ದು ದರ್ಶನಗಳಲ್ಲ, ಪವಾಡಗಳಲ್ಲ. ಊಟದ ಮನೆ ಮತ್ತು ಬಟ್ಟೆ ಒಗೆಯುವ ಜಾಗ.

ಮಠದಲ್ಲಿ ಕೈಕಾಲು ಸ್ವಾಧೀನವಿಲ್ಲದ ಒಬ್ಬ ಮುದುಕಿ ಸಿಸ್ಟರ್ ಇದ್ದರು. ಸಂಜೆ ಆರಕ್ಕೆ ಹತ್ತು ನಿಮಿಷವಿರುವಾಗ ಅವರನ್ನು ಪ್ರಾರ್ಥನೆಯಿಂದೆಬ್ಬಿಸಿ ಊಟಕ್ಕೆ ಕರೆದೊಯ್ಯಬೇಕು. ಸಿಸ್ಟರ್ ತಮ್ಮ ಮರಳುಗಡಿಯಾರ ಅಲ್ಲಾಡಿಸಿದರೆ ‘ಹೊರಡೋಣ’ ಎಂದರ್ಥ. ಬೆಂಚನ್ನು ಹೀಗೇ ಸರಿಸಬೇಕು, ನಡುಪಟ್ಟಿಯನ್ನು ಹಿಂದಿನಿಂದ ಹೀಗೇ ಹಿಡಿಯಬೇಕು. ಎಡವಿದರೆ ‘ಬೇಗ ಓಡಿಸ್ತೀಯ’ ಎಂದು ಬೈಗುಳ. ನಿಧಾನಿಸಿದರೆ ‘ಕೈ ಬಿಟ್ಟೆ, ಬೀಳ್ತೀನಿ’ ಎಂದು ಗೊಣಗಾಟ. ಕೂರಿಸಿ, ಅವರಿಗೆ ಒಪ್ಪಿಗೆಯಾಗುವಂತೆ ತೋಳು ಮಡಿಸಿಕೊಟ್ಟರೆ ಕೆಲಸ ಮುಗಿಯಿತು. ಆದರೆ ತೆರೇಸಾ ಗಮನಿಸಿದಳು: ಸೊಟ್ಟಗಾದ ಬೆರಳುಗಳಿಂದ ಬ್ರೆಡ್ಡು ಕತ್ತರಿಸಲು ಸಿಸ್ಟರ್ ಒದ್ದಾಡುತ್ತಿದ್ದರು. ಅಂದಿನಿಂದ ಅದನ್ನೂ ಕತ್ತರಿಸಿಕೊಟ್ಟು, ಒಮ್ಮೆ ಮುಖ ನೋಡಿ ನಕ್ಕು ಹೊರಡತೊಡಗಿದಳು. ಮುದುಕಿಯ ಮನಸ್ಸನ್ನು ಗೆದ್ದದ್ದು ಯಾರೂ ಹೇಳದೆ ಮಾಡಿದ ಈ ಕೆಲಸ.

ಪುಸ್ತಕದ ಶಕ್ತಿಯೆಲ್ಲ ಇಂಥ ವಿವರಗಳಲ್ಲಿದೆ. ಧ್ಯಾನದ ಹೊತ್ತಿನಲ್ಲಿ ಹಿಂದೆ ಕೂತ ಒಬ್ಬಳು ವಿಚಿತ್ರ ಸದ್ದು ಮಾಡುತ್ತಾಳೆ. ತಿರುಗಿ ಒಮ್ಮೆ ದುರುಗುಟ್ಟಿದರೆ ಸಾಕಿತ್ತು. ತೆರೇಸಾ ಬೆವರುತ್ತ ಕೂತು ಅದನ್ನೇ ಸಂಗೀತವೆಂದು ಕೇಳಲು ಹೆಣಗುತ್ತಾಳೆ. ಬಟ್ಟೆ ಒಗೆಯುವಾಗ ಎದುರಿನವಳು ಕೊಳೆನೀರು ಮುಖಕ್ಕೆ ಎರಚುತ್ತಾಳೆ, ಈಕೆ ಒರೆಸಿಕೊಳ್ಳುವುದಿಲ್ಲ. ಇನ್ನೊಬ್ಬ ಸಿಸ್ಟರ್ ಅಂದರೆ ಆಕೆಗೆ ಆಗುವುದೇ ಇಲ್ಲ. ಅವರಿಗಾಗಿ ಪ್ರಾರ್ಥಿಸುತ್ತಾಳೆ, ಎದುರಾದಾಗ ನಗುತ್ತಾಳೆ, ಸಿಟ್ಟು ತಡೆಯಲಾಗದಿದ್ದರೆ ಅಲ್ಲಿಂದ ಕಾಲ್ಕೀಳುತ್ತಾಳೆ. ಕೊನೆಗೆ ಆ ಸಿಸ್ಟರೇ ‘ನನ್ನಲ್ಲಿ ಅಂಥದ್ದೇನು ಕಂಡೆ?’ ಎಂದು ಕೇಳುತ್ತಾರೆ.

ಪ್ರೀತಿ ಉಕ್ಕಿದಾಗ ದಯೆ ತೋರುವುದು ದೊಡ್ಡದೇನಲ್ಲ. ತೆರೇಸಾ ಎಲ್ಲಿಯೂ ‘ನನಗೆ ಆಕೆ ಇಷ್ಟವಾದಳು’ ಎಂದು ನಟಿಸುವುದಿಲ್ಲ. ಇಷ್ಟವಿಲ್ಲದಿರುವುದನ್ನು ಒಪ್ಪಿಕೊಂಡೇ ನಡತೆಯನ್ನು ತಿದ್ದಿಕೊಳ್ಳುತ್ತಾಳೆ. ಔತಣಕ್ಕೆ ಬಡವರನ್ನು, ಕುಂಟರನ್ನು, ಕುರುಡರನ್ನು ಕರೆಯಿರಿ ಎಂಬ ಲೂಕನ ಶುಭಸಂದೇಶದ ಮಾತನ್ನು ಆಕೆ ಮಠಕ್ಕೆ ಅನ್ವಯಿಸಿದ ರೀತಿ ನೋಡಿ: ಬಿಡುವಿನ ವೇಳೆಯಲ್ಲಿ ಯಾರ ಪಕ್ಕ ಯಾರೂ ಕೂರುವುದಿಲ್ಲವೋ ಅವರ ಪಕ್ಕ ಹೋಗಿ ಕೂರಬೇಕು. ಅನಾಥಾಶ್ರಮಕ್ಕೆ ಅಕ್ಕಿ ಮೂಟೆ ಕಳಿಸಿ, ಮನೆಯಲ್ಲಿ ಅತ್ತೆಯೊಡನೆ ವರ್ಷಗಟ್ಟಲೆ ಮಾತು ಬಿಟ್ಟವರು ನಮ್ಮಲ್ಲಿದ್ದಾರೆ. ಅಂಥವರಿಗೆ ಈ ಪುಸ್ತಕ ನೇರವಾಗಿ ತಾಕುತ್ತದೆ.

ತೊಂದರೆಯೂ ಇಲ್ಲಿಂದಲೇ ಶುರು. ಕೊಳೆನೀರಿನ ಕಥೆ ಧ್ಯಾನಕೂಟಗಳಲ್ಲಿ ಹೇಳಲು ಹೇಳಿಮಾಡಿಸಿದಂಥದ್ದು. ಅದು ಕೇಳುವವರ ಕಿವಿಗೆ ಹೇಗೆ ಬೀಳುತ್ತದೆ? ಗಂಡನ ಕೈಯಲ್ಲಿ ಏಟು ತಿನ್ನುವವಳಿಗೆ ‘ಹೊಂದಿಕೊಂಡು ಹೋಗಮ್ಮ, ಅದೇ ನಿನ್ನ ಶಿಲುಬೆ ಅಂದ್ಕೋ’ ಎನ್ನುವ ಹಿರಿಯರಿಗೆ ಅದೊಂದು ಆಧಾರವಾಗಿಬಿಡುತ್ತದೆ. ಸಂಬಳ ತಡವಾದರೂ ಚಕಾರವೆತ್ತದ ಕೆಲಸದವಳು ‘ಒಳ್ಳೆಯವಳು’ ಎನಿಸಿಕೊಳ್ಳುತ್ತಾಳೆ. ತೆರೇಸಾ ತಾನಾಗಿ ಬಯಸಿ ಮಠಕ್ಕೆ ಬಂದವಳು. ಅವಳ ಮುಖಕ್ಕೆ ಬಿದ್ದದ್ದು ಕರವಸ್ತ್ರ ಒಗೆದ ಕೊಳೆನೀರು. ಎರಚಿದವಳು ಅವಳ ಸರೀಕಳು. ಇದನ್ನು ಮರೆತು ಹೇಳಿದರೆ ಕಥೆ ಸುಳ್ಳಾಗುತ್ತದೆ.

ಇದಕ್ಕೆ ಮದ್ದು ಪುಸ್ತಕದಲ್ಲೇ ಇದೆ; ಹೇಳುವವರು ಅದನ್ನು ಬಿಟ್ಟುಬಿಡುತ್ತಾರೆ, ಅಷ್ಟೆ. ಹೊಸದಾಗಿ ಬಂದ ಹುಡುಗಿಯರನ್ನು ತಿದ್ದುವ ಹೊಣೆ ತೆರೇಸಾಳ ಮೇಲಿತ್ತು. ಬೇರೆಯವರಿಗೆ ಒಂದು ಮಾತು ಅನ್ನುವುದಕ್ಕಿಂತ ತಾನೇ ಸಾವಿರ ಮಾತು ಕೇಳುವುದು ವಾಸಿ ಎಂದು ಆಕೆಗೆ ಅನ್ನಿಸುತ್ತಿತ್ತು. ಆದರೂ ತಪ್ಪು ಕಂಡಾಗ ಮುಲಾಜಿಲ್ಲದೆ ಹೇಳಿದಳು. ತನಗಾದ ಸಣ್ಣ ಕಿರುಕುಳವನ್ನು ನುಂಗಿಕೊಂಡವಳು ಇನ್ನೊಬ್ಬರಿಗೆ ಕೆಡುಕಾಗುವ ಕಡೆ ಸುಮ್ಮನಿರಲಿಲ್ಲ. ಇವೆರಡನ್ನೂ ಜೊತೆಗಿಟ್ಟು ಓದಿದಾಗಲೇ ಆಕೆಯ ದಯೆ ಪೂರ್ತಿಯಾಗಿ ಕಾಣುವುದು.

ಮಠದ ಗೋಡೆಯಾಚೆ ಹಸಿದವರಿದ್ದರು, ದುಡಿಮೆಯಲ್ಲಿ ಸವೆಯುವವರಿದ್ದರು. ಪುಸ್ತಕದಲ್ಲಿ ಅವರಿಗೆ ಹೆಚ್ಚು ಜಾಗವಿಲ್ಲ. ತೆರೇಸಾ ಮಠದೊಳಗಿದ್ದ ಕಾಲದಲ್ಲೇ, 1890ರಲ್ಲಿ, ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನ್ ಮೂಲದ ಫಾದರ್ ಮುಲ್ಲರ್ ಕುಷ್ಠರೋಗಿಗಳಿಗೆ ಆಸ್ಪತ್ರೆ ಕಟ್ಟಿದರು. ಆ ದಯೆಗೆ ಹಣ ಬೇಕು, ಔಷಧ ಬೇಕು, ಹತ್ತು ಜನರ ಕೈ ಬೇಕು. ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯ ಕೇಳುವುದು ಇದನ್ನೇ. ಪಕ್ಕದವರ ಗೊಣಗಾಟವನ್ನು ನಗುತ್ತ ಸಹಿಸುವುದು ಇದಕ್ಕೆ ಬದಲಿಯಾಗಲಾರದು.

ಬರವಣಿಗೆಯ ಬಗ್ಗೆ ಒಂದು ಮಾತು. ಹೂವು, ಆಟಿಕೆ, ಪುಟ್ಟ ಹಕ್ಕಿ ಎಂದು ಅಲ್ಲಲ್ಲಿ ಸಕ್ಕರೆ ಹೆಚ್ಚಾಗಿದೆ. ಅಕ್ಕ ಪಾಲಿನ್ ಮೊದಲ ಮುದ್ರಣದಲ್ಲಿ ಧಾರಾಳವಾಗಿ ತಿದ್ದಿದ್ದರು. ಹಸ್ತಪ್ರತಿ ಇದ್ದಂತೆಯೇ ಓದುಗರಿಗೆ ಸಿಕ್ಕಿದ್ದು 1956ರಲ್ಲಿ. ತಿದ್ದದ ಪಠ್ಯದಲ್ಲಿ ಕಾಣುವ ತೆರೇಸಾ ಹೆಚ್ಚು ಗಟ್ಟಿ, ಹೆಚ್ಚು ತುಂಟಿ.

1997ರಲ್ಲಿ ಧರ್ಮಸಭೆ ಆಕೆಗೆ ಪಂಡಿತೆಯ ಪದವಿ ಕೊಟ್ಟಿತು. ಆ ಗೌರವ ಸಲ್ಲತಕ್ಕದ್ದೇ. ಆದರೆ ಸಹನೆಯ ಈ ಪಾಠವನ್ನು ಮನುಷ್ಯ ತನಗೆ ತಾನೇ ಹೇಳಿಕೊಳ್ಳಬಹುದು, ಇನ್ನೊಬ್ಬರ ಮೇಲೆ ಹೇರಬಾರದು. ‘ನಾನು ಸಹಿಸುತ್ತೇನೆ’ ಎಂದರೆ ಅದು ದಯೆ. ‘ನೀನು ಸಹಿಸು’ ಎಂದರೆ ಅದೇ ಪುಸ್ತಕ ದಬ್ಬಾಳಿಕೆಯ ಕೈಪಿಡಿ.