ಇಟ್ಟಿಗೆಯ ಕಾಲನಿರ್ಣಯವೂ ಪ್ರಮಾಣವಿಚಾರವೂ

ಪ್ರಾಚೀನ ಕಟ್ಟಡಗಳನ್ನು ಕುರಿತ ಲೇಖನಗಳಲ್ಲಿ ಒಂದು ಅನುಮಾನವು ಪದೇ ಪದೇ ಕಾಣಬರುತ್ತದೆ: ಇಟ್ಟಿಗೆಗಳು ದೊಡ್ಡವು, ಆದುದರಿಂದ ಕಟ್ಟಡವು ಶಾತವಾಹನರ ಕಾಲದ್ದು. ನ್ಯಾಯಶಾಸ್ತ್ರದ ಪರಿಚಯವುಳ್ಳವರಿಗೆ ಇದರ ದೋಷವು ಕೂಡಲೇ ತೋರುವುದು. ಸಾಧ್ಯವು ಇಲ್ಲದೆಡೆಯಲ್ಲಿಯೂ ಹೇತುವು ಕಾಣಿಸಿಕೊಂಡರೆ ಅದು ಸವ್ಯಭಿಚಾರ. ಶಾತವಾಹನರ ಅನಂತರ ಆಳಿದ ಇಕ್ಷ್ವಾಕುಗಳ ನಾಗಾರ್ಜುನಕೊಂಡದಲ್ಲಿ 20 ಅಂಗುಲ ಉದ್ದ, 10 ಅಂಗುಲ ಅಗಲ, 3 ಅಂಗುಲ ದಪ್ಪದ ಇಟ್ಟಿಗೆಗಳುಂಟು. ಅಲ್ಲದೆ, ಹಾಳುಬಿದ್ದ ಗೋಡೆಯ ಇಟ್ಟಿಗೆಯನ್ನು ಕಿತ್ತು ಹೊಸ ಗೋಡೆಗೆ ಇಡುವುದು ಎಲ್ಲ ಕಾಲದಲ್ಲಿಯೂ ಇದ್ದ ರೂಢಿ.

ಶಾಸ್ತ್ರವನ್ನು ಆಶ್ರಯಿಸುವವರ ವಾದವೂ ಇದಕ್ಕಿಂತ ದೃಢವಾದುದಲ್ಲ. ಶುಲ್ಬಸೂತ್ರಗಳು ಚಿತಿಯ ಇಷ್ಟಕೆಗಳಿಗೂ, ಮಯಮತವೇ ಮೊದಲಾದ ವಾಸ್ತುಗ್ರಂಥಗಳು ಕಟ್ಟಡದ ಇಷ್ಟಕೆಗಳಿಗೂ ಅಳತೆಗಳನ್ನು ವಿಧಿಸಿವೆ. ವಿಧಿಯು ಮಾಡತಕ್ಕುದನ್ನು ಹೇಳುವುದೇ ಹೊರತು ಮಾಡಿದುದನ್ನಲ್ಲ.

ಇಂತಹ ಸ್ಥಿತಿಯಲ್ಲಿ ಪ್ರಯೋಗಶಾಲೆಯ ಪರೀಕ್ಷೆಗೆ ಗೌರವವು ಬಂದುದು ಸಹಜವೇ. ಬ್ರಹ್ಮಗಿರಿಯಲ್ಲಿ 1947ರಲ್ಲಿ ಅಗೆದ ವೀಲರ್ ಅವರು ಶಿಲಾಕೊಡಲಿಯ ಸಂಸ್ಕೃತಿಯನ್ನು ಕ್ರಿ.ಪೂ. ಮೊದಲನೆಯ ಸಹಸ್ರಮಾನದ ಆರಂಭಕ್ಕೆ ಇಳಿಸಿದ್ದರು. ಮುಂದೆ ಉತ್ನೂರು ಮುಂತಾದ ನೆಲೆಗಳ ಇಂಗಾಲವನ್ನು ಪರೀಕ್ಷಿಸಿದಾಗ ಅಂತಹ ಸಂಸ್ಕೃತಿಯು ಕ್ರಿ.ಪೂ. 2000ಕ್ಕೂ ಹಿಂದೆ ಸರಿಯಿತು.

ಇಟ್ಟಿಗೆಗೆ ವಿಶೇಷವಾಗಿ ಒದಗುವುದು ತಾಪದೀಪ್ತಿಯ ಪರೀಕ್ಷೆ. ಮಣ್ಣಿನಲ್ಲಿರುವ ಬೆಣಚು, ಫೆಲ್ಡ್‌ಸ್ಪಾರ್ ಕಣಗಳು ಸುತ್ತಲಿನ ಯುರೇನಿಯಂ, ಥೋರಿಯಂ, ಪೊಟಾಸಿಯಂಗಳ ವಿಕಿರಣಶಕ್ತಿಯನ್ನು ವರ್ಷವರ್ಷವೂ ಕೂಡಿಡುತ್ತವೆ. ಆವಿಗೆಯಲ್ಲಿ ಸುಮಾರು 500 ಡಿಗ್ರಿ ಸೆಂಟಿಗ್ರೇಡಿಗೆ ಮೇಲೆ ಕಾದಾಗ ಆ ಸಂಚಯವು ಬರಿದಾಗಿ, ಎಣಿಕೆಯು ಹೊಸದಾಗಿ ಮೊದಲಾಗುವುದು. ಆದುದರಿಂದ ಈ ಪರೀಕ್ಷೆಯು ತಿಳಿಸುವುದು ಕಟ್ಟಿದ ಕಾಲವನ್ನಲ್ಲ, ಕಡೆಯ ಬಾರಿ ಕಾದ ಕಾಲವನ್ನು. ಈ ಭೇದವನ್ನು ಮರೆತು ಬರೆದ ವರದಿಗಳು ವಿರಳವಲ್ಲ.

ಬೇಲೂರಿನ ನಿದರ್ಶನದಿಂದ ಇದು ವಿಶದವಾಗುವುದು. ಚೆನ್ನಕೇಶವ ದೇವಾಲಯವು 1117ರಲ್ಲಿ ವಿಷ್ಣುವರ್ಧನನಿಂದ ಪ್ರತಿಷ್ಠಿತವಾದುದು. ಗಂಗ ಸಾಲಾರನು ಸುಟ್ಟ ಮಹಾದ್ವಾರವನ್ನು ಇಮ್ಮಡಿ ಹರಿಹರನ ದಂಡನಾಯಕನಾದ ಗುಂಡನು 1397ರಲ್ಲಿ ಏಳು ನೆಲೆಯ ಗೋಪುರವಾಗಿ ಪುನಃ ಕಟ್ಟಿಸಿದನೆಂದು ಶಾಸನವು ಹೇಳುತ್ತದೆ. ಹಳೆಯ ದ್ವಾರದಲ್ಲಿ ಇಟ್ಟಿಗೆಯಿದ್ದು, ಅದನ್ನೇ ಗುಂಡನ ಕೆಲಸಗಾರರು ಮರಳಿ ಬಳಸಿದ್ದರೆ, ಆ ಇಟ್ಟಿಗೆಯು ಯಾವ ಕಾಲವನ್ನು ನುಡಿಯುವುದು? ಬೆಂಕಿಯ ತಾಪವು ಸಾಲದಷ್ಟಿದ್ದರೆ ಆವಿಗೆಯ ಕಾಲವನ್ನು, ಸಾಕಾದಷ್ಟಿದ್ದರೆ ದಹನದ ಕಾಲವನ್ನು. ಅರೆಕಾದುದಾದರೆ ಎರಡನ್ನೂ ಅಲ್ಲದ ನಡುವಣ ಒಂದು ಅಂಕಿಯನ್ನು! ಶಾಸನವನ್ನು ಓದದ ವಿಜ್ಞಾನಿಯು ಆ ಅಂಕಿಯನ್ನು ನಿರ್ಮಾಣಕಾಲವೆಂದು ಪ್ರಕಟಿಸುವುದಕ್ಕೆ ಅಡ್ಡಿಯೇನೂ ಇಲ್ಲ. ದಹನದ ಕಥೆಯನ್ನು ಬರಿಯ ವಾಡಿಕೆಯ ಮಾತೆಂದು ತಳ್ಳುವ ಶಾಸನಪಂಡಿತನಿಗೂ ಅದೇ ಇಟ್ಟಿಗೆಯು ಉತ್ತರ ಕೊಡಬಲ್ಲುದು.

ಪ್ರಮಾದದ ಪರಿಮಾಣವನ್ನೂ ಗಣಿಸತಕ್ಕದ್ದು. ಇದು ಸಾಮಾನ್ಯವಾಗಿ ವಯಸ್ಸಿನ ನೂರಕ್ಕೆ 5ರಿಂದ 10ರಷ್ಟು. ಒಂಬೈನೂರು ವರ್ಷದ ಇಟ್ಟಿಗೆಯಲ್ಲಿ 45ರಿಂದ 90 ವರ್ಷಗಳ ಸಂದೇಹವು ಉಳಿಯುವುದು. ವಿಷ್ಣುವರ್ಧನನ ಇಟ್ಟಿಗೆಯನ್ನು ಗುಂಡನದರಿಂದ ಬೇರ್ಪಡಿಸುವುದಕ್ಕೆ ಇದು ಸಾಕು. 1173ರಿಂದ 1220ರವರೆಗೆ ಆಳಿದ ಇಮ್ಮಡಿ ಬಲ್ಲಾಳನದರಿಂದ ಬೇರ್ಪಡಿಸುವುದಕ್ಕೆ ಸಾಲದು. ಹೊಯ್ಸಳರ ರಾಜ್ಯಕಾಲಗಳನ್ನು ಶಾಸನಗಳು ವರ್ಷ, ತಿಥಿ ಸಹಿತ ಕೊಡುವಾಗ ಪ್ರಯೋಗಶಾಲೆಯು ಅವುಗಳನ್ನು ತಿದ್ದಬಲ್ಲುದೆಂಬ ಉತ್ಸಾಹವು ಅನುಚಿತ.

ಖನಿಜಪರೀಕ್ಷೆಯ ಪ್ರಯೋಜನವು ಬೇರೆ. ಕ್ಷಕಿರಣದಿಂದ ನೋಡಿದಾಗ ಕೇಯೊಲಿನೈಟು ಅಳಿದಿದ್ದರೆ ಇಟ್ಟಿಗೆಯು ಸುಮಾರು 550 ಡಿಗ್ರಿಯನ್ನು ದಾಟಿತೆಂದೂ, ಮುಲ್ಲೈಟು ಮೂಡಿದ್ದರೆ ಸಾವಿರದ ಆಸುಪಾಸಿಗೆ ಏರಿತೆಂದೂ ಊಹಿಸಬಹುದು. ಗೆಂಡೆಹಳ್ಳಿಯ ಕಡೆಯ ಕೆಂಪುಮಣ್ಣು, ಹಳೇಬೀಡಿನ ಕೆರೆಯ ಹೂಳು ಇವುಗಳನ್ನು ಇಟ್ಟಿಗೆಯೊಡನೆ ಹೋಲಿಸಿದರೆ ಮಣ್ಣನ್ನು ಎಲ್ಲಿಂದ ತಂದರೆಂಬುದು ಹೊಳೆಯಬಹುದು. ಆದರೆ ಖನಿಜವು ಕಾಲವನ್ನು ನುಡಿಯದು. ಮಣ್ಣಿಗೆ ಬೆರೆಸಿದ ಭತ್ತದ ಹೊಟ್ಟು ಕರಿಯಾಗಿ ಉಳಿದಿದ್ದರೆ ಮಾತ್ರ ಅದರ ಇಂಗಾಲವು ಪೈರು ಕೊಯ್ದ ಕಾಲವನ್ನು ಸೂಚಿಸೀತು. ತಾಪದೀಪ್ತಿಗೆ ಅದು ಸ್ವತಂತ್ರವಾದ ಎರಡನೆಯ ಸಾಕ್ಷಿ.

ಇಟ್ಟಿಗೆಯನ್ನು ಯಾವ ಗೋಡೆಯ ಯಾವ ವರಸೆಯಿಂದ ತೆಗೆದರು, ಅದು ಮೂಲದ್ದೋ ದುರಸ್ತಿಯದೋ ಎಂಬುದನ್ನು ಬರೆದಿಡದ ವರದಿಯಲ್ಲಿ ಇವೆರಡರ ಅಂಕಿಗಳಿಗೂ ಆಶ್ರಯವಿಲ್ಲ. ಬೇಲೂರಿನ ವಿಮಾನದ ಮೇಲಿದ್ದ ಇಟ್ಟಿಗೆ ಗಾರೆಯ ಶಿಖರವನ್ನು 1879ರಲ್ಲಿ ಇಳಿಸಿದ ಮೇಲೆ, ಅದರ ಇಟ್ಟಿಗೆಗಳ ವಿಷಯದಲ್ಲಿ ಆ ಪ್ರಶ್ನೆಯನ್ನು ಗೋಡೆಯ ಮುಂದೆ ನಿಂತು ಕೇಳುವ ಅವಕಾಶವೂ ತಪ್ಪಿದೆ.