ದುಂಡು ಮೂಲೆಯ ಕೈಚಳಕ

ಅಕ್ಕೋಳ, ನಿಪ್ಪಾಣಿ ಕಡೆ ಗೌಂಡಿಯ ಕೈ ಅಳೆಯಬೇಕಾದರೆ ಅವನು ಗಿಲಾವು ಮಾಡಿದ ದುಂಡು ಮೂಲೆ ನೋಡಬೇಕು. ನೇರ ಗೋಡೆಗೆ ಮಟ್ಟಗೋಲು ಅಡ್ಡ ಎಳೆದರಾಯಿತು; ದುಂಡಿಗೆ ಆ ಆಟ ನಡೆಯದು. ಕೋಲನ್ನು ನೆಟ್ಟಗೆ ನಿಲ್ಲಿಸಿ ಮೂಲೆಯ ಸುತ್ತ ಸರಿಸಬೇಕು, ಬಾಗು ತಪ್ಪದಂತೆ ಹಲಗೆಯಲ್ಲಿ ಕೊರೆದ ಅಚ್ಚು ಹಿಡಿಯಬೇಕು.

ಮೊದಲು ಗೋಡೆಗೆ ನೀರು. ಆಮೇಲೆ ಒರಟು ಪದರ, ಅದರ ಮೇಲೆ ಗೀರು, ನಂತರ ಜರಡಿ ಹಿಡಿದ ಮರಳಿನ ತೆಳು ಪದರ. ಬೆರಳೊತ್ತಿದರೆ ಗುರುತು ಬೀಳಬೇಕು, ಗಾರೆ ಅಂಟಬಾರದು. ಉಜ್ಜುವ ಹದ ಅದೇ. ಒಳಮೂಲೆ ನುಣುಪಾಗಲು ಪೈಪಿನ ತುಂಡೊಂದು ಸಾಕು. ಈ ಜಾಣತನಕ್ಕೆ ತಲೆದೂಗಲೇಬೇಕು!

ವಿಜಯಪುರದ ಗೋಳಗುಮ್ಮಟದ ಬಾಗುಗಳಿಗೂ ಸುಣ್ಣದ ಗಾರೆಯೇ ಹೊದಿಕೆ. ಆ ಗುಮ್ಮಟ ಎದ್ದು ನಿಂತದ್ದು 1656ರ ಹೊತ್ತಿಗೆ.

ಇಂದಿನ ಸಿಮೆಂಟ್ ಗಿಲಾವಿಗೆ ಕನಿಷ್ಠ ಒಂದು ವಾರ ನೀರುಣಿಸಿ. ಇಲ್ಲವಾದರೆ ಆ ನುಣುಪಿನಲ್ಲಿ ಕೂದಲೆಳೆಯ ಬಿರುಕು ಮೂಡೀತು.