ಹಲಗೆಗೆ ಬಿಟ್ಟ ಜಾಗ

ಸೇಡಂ, ಚಿತ್ತಾಪುರದ ಕಡೆಯ ಹಳೆಯ ಮನೆಯಲ್ಲಿ, ಶಹಾಬಾದ್ ಕಲ್ಲಿನ ನೆಲದ ಮೇಲೆ ಸಾಗವಾನಿ ಸಂದೂಕ ಕಂಡರೆ ಎಲ್ಲರ ಕಣ್ಣು ಹಿತ್ತಾಳೆ ಕೊಂಡಿಯ ಮೇಲೆ. ನನ್ನ ಬೆರಳು ಚೌಕಟ್ಟಿನ ಒಳಅಂಚಿಗೆ ಹೋಗುತ್ತದೆ. ಅಲ್ಲಿ ಸಣ್ಣ ತೋಡು ಕೊರೆದು ಬಡಿಗೇರರು ತೆಳು ಹಲಗೆಯನ್ನು ಕೂರಿಸಿರುತ್ತಾರೆ, ಮೊಳೆಯಿಲ್ಲ, ಅಂಟಿಲ್ಲ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ಹಲಗೆ ಆಗ ಅಡ್ಡಗಲಕ್ಕೆ ಕುಗ್ಗುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಉದ್ದಕ್ಕೆ ಹೆಚ್ಚುಕಡಿಮೆ ಅಲುಗುವುದೇ ಇಲ್ಲ. ಮೊಳೆ ಬಿಗಿದು ಹೊಡೆದಿದ್ದರೆ ಸೀಳಿಹೋಗುತ್ತಿತ್ತು.

ಬಿಗಿಯೆಲ್ಲ ಮೂಲೆಗಳಲ್ಲಿ. ಅಡ್ಡಪಟ್ಟಿಯ ನಾಲಿಗೆ, ಉಳಿಯಿಂದ ತೆಗೆದ ತೂತಿನೊಳಗೆ ಕೊಡತಿಯ ಹಗುರ ಪೆಟ್ಟಿಗೇ ಇಳಿಯಬೇಕು, ಕೂಡಿದಲ್ಲಿ ಬೆಳಕು ತೂರಬಾರದು. ಆಮೇಲೆ ಬಿದಿರಿನ ಗೂಟ. ಇಷ್ಟು ಬಿಗಿ ಬಲ್ಲ ಕೈ, ತೋಡಿನ ಆಳದಲ್ಲಿ ಹಲಗೆಗೆಂದು ತುಸು ಸಂದು ಬಿಡುತ್ತದಲ್ಲ, ಆ ಅಳತೆಗೆ ನಾನು ಕೈಮುಗಿಯುತ್ತೇನೆ.